ಕೇಳುವ ಮೊದಲು ಕೇಳಿ: ಗೊತ್ತಿಲ್ಲದ ಗಾಯಕರ ಕಡೆಗೆ ಅಭಿಮಾನಿಗಳಿಂದ ದಾರಿ ಪಡೆಯೋದು ಹೇಗೆ

ಕನ್ನಡದಲ್ಲಿ ಹಾಡು ಕೇಳೋದಕ್ಕೂ ಪ್ರಶ್ನೆ ಕೇಳೋದಕ್ಕೂ ಒಂದೇ ಮಾತು. ನನಗೆ ಎರಡೂ ಸರಿಯಾಗಿ ಬರೋದಿಲ್ಲ ಅಂತ ಗೊತ್ತಾಗಿದ್ದು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ವಿಷಯದಲ್ಲಿ.

ನಾನು ಮೈಸೂರು ಕಡೆಯವನು. ಮನೆಯಲ್ಲಿ ಕೇಳಿದ್ದು ಕರ್ನಾಟಕ ಸಂಗೀತ, ಜೊತೆಗೆ ರೇಡಿಯೋದ ಸಿನಿಮಾ ಹಾಡು. ಕೆಲಸದ ಮೇಲೆ ಧಾರವಾಡಕ್ಕೆ ಬಂದೆ. ಅಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ ಸುಮ್ನೆ ಕೇಳಿದೆ: "ಕುಮಾರ ಗಂಧರ್ವರದ್ದು ಬೆಸ್ಟ್ ಯಾವುದು?" ಹೋಳಿಗೆ ಬಡಿಸಿಕೊಂಡು ಬರುವಷ್ಟರಲ್ಲಿ ಹತ್ತು ಹನ್ನೆರಡು ಹೆಸರು ಬಿದ್ದವು. ಎದುರು ಸಾಲಿನವರು ಒಂದು ರಾಗ ಹೇಳಿದರೆ ಪಕ್ಕದವರು "ಛೇ ಛೇ, ಅದಲ್ಲ" ಅಂದರು. ಮನೆಗೆ ಬರುವಾಗ ನೆನಪಿದ್ದದ್ದು ಒಂದೇ ಒಂದು. ಹಾಕಿದೆ. ನಲವತ್ತು ನಿಮಿಷದ್ದು. ಆರನೇ ನಿಮಿಷಕ್ಕೆ ನಿಲ್ಲಿಸಿದೆ. ಆಮೇಲೆ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಹೇಳಿದವರೆಲ್ಲ ಬಲ್ಲವರೇ. ನನ್ನ ಪ್ರಶ್ನೆಯಲ್ಲಿ ನಾನೇ ಇರಲಿಲ್ಲ. ನನಗೆ ಏನು ಗೊತ್ತು, ಏನು ಹಿಡಿಸುತ್ತೆ, ಯಾವಾಗ ಕೇಳ್ತೀನಿ, ಒಂದೂ ಹೇಳದೆ ಉತ್ತರ ಬೇಕು ಅಂದಿದ್ದೆ. ಹೋಟೆಲಿಗೆ ಹೋಗಿ "ಏನಾದ್ರೂ ಒಳ್ಳೇದು ಕೊಡಿ" ಅಂದ ಹಾಗೆ. ಈಗ ಹೇಗೆ ಕೇಳ್ತೀನಿ ಅನ್ನೋದನ್ನು ಇಲ್ಲಿ ಬರೆದಿದ್ದೀನಿ. ಉದಾಹರಣೆಗೆ ಕುಮಾರರನ್ನೇ ಇಟ್ಟುಕೊಳ್ಳೋಣ. ಅಭಿಮಾನಿಗಳು ಇಷ್ಟು ಜಗಳ ಆಡುವ ಇನ್ನೊಬ್ಬ ಗಾಯಕರು ನನಗೆ ಗೊತ್ತಿಲ್ಲ.

ಹೆಜ್ಜೆ 1: ಮೊದಲು ಒಂದು ಗಂಟೆ ನೀವೇ ಕೇಳಿ

ಏನೂ ಕೇಳದೆ ಹೋದರೆ ಅಭಿಮಾನಿಗೆ ಹಿಡಿದುಕೊಳ್ಳೋಕೆ ಏನೂ ಸಿಗೋದಿಲ್ಲ. ಹಾಗಂತ ಹದಿನೈದು ದಿನ ತಯಾರಿ ಬೇಕಿಲ್ಲ. ಮೂರು ತುಣುಕು ಸಾಕು: ಒಂದು ಭಜನೆ, ಒಂದು ಚಿಕ್ಕ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು), ಒಂದು ದೊಡ್ಡ ಖ್ಯಾಲಿನ (ರಾಗವನ್ನು ನಿಧಾನವಾಗಿ ಬೆಳೆಸುವ ಹಾಡಿಕೆ) ಮೊದಲ ಹತ್ತು ಹದಿನೈದು ನಿಮಿಷ. ಬೇರೆ ಬೇರೆ ಜಾತಿಯ ಮೂರು ಇರಬೇಕು, ಅಷ್ಟೇ. ಒಂದೇ ತರದ ಮೂರು ಭಜನೆ ಕೇಳಿದರೆ ನಿಮಗೆ ಭಜನೆ ಹಿಡಿಸ್ತಾ, ದನಿ ಹಿಡಿಸ್ತಾ ಅಂತ ಗೊತ್ತಾಗೋದಿಲ್ಲ.

ಕುಮಾರರಲ್ಲಿ ಭಜನೆಗೆ 'ಉಡ್ ಜಾಯೇಗಾ ಹಂಸ ಅಕೇಲಾ' ಹಾಕಬಹುದು. ಹತ್ತು ನಿಮಿಷದೊಳಗಿನದು. ಚಿಕ್ಕ ಬಂದಿಶಿಗೆ ನಂದ್ ರಾಗದ 'ರಾಜನ್ ಅಬ್ ತೋ ಆಜಾ ರೇ', ಇಲ್ಲವೇ ಬಾಗೇಶ್ರೀಯ 'ಟೇಸುಲ ಬನ ಫೂಲೇ'. ದೊಡ್ಡ ಖ್ಯಾಲು ಯಾವುದಾದರೂ ಆದೀತು.

ಒಂದೊಂದಕ್ಕೂ ಎರಡೇ ಸಾಲು ಬರೆದಿಡಿ. ಸಂಗೀತದ ಭಾಷೆ ಬೇಡ. ನನ್ನ ಹಳೆಯ ಡೈರಿಯಲ್ಲಿ ಇರೋದು ಹೀಗೆ: "ಭಜನೆ: ದನಿ ತಟ್ಟಂತ ಬಂದು ತಟ್ಟಂತ ನಿಲ್ಲುತ್ತೆ. ನಿಂತಾಗ ತಂಬೂರಿ ಮಾತ್ರ. ಚೆನ್ನಾಗಿದೆ. ಬಂದಿಶ್: ಬೇಗ ಮುಗೀತು, ಇನ್ನೊಂದು ಸಲ ಹಾಕಿದೆ. ಖ್ಯಾಲ್: ಎಲ್ಲಿಗೆ ಹೋಗ್ತಿದ್ದಾರೆ ಗೊತ್ತಾಗಲಿಲ್ಲ, ಬೋರ್." ಈ 'ಬೋರ್' ಅನ್ನೋದನ್ನು ಅಳಿಸಬೇಡಿ. ಮುಂದೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಹೆಜ್ಜೆ 2: ಒಂದು ಒರಟು ನಕ್ಷೆ ಬರೆದುಕೊಳ್ಳಿ

ಗಾಯಕರ ಇಡೀ ಜೀವನಚರಿತ್ರೆ ಓದಬೇಕಿಲ್ಲ. ಅವರ ಹಾಡಿಕೆಯಲ್ಲಿ ಎಷ್ಟು ಕಪಾಟು ಇವೆ, ಯಾವುದರಲ್ಲಿ ಏನಿದೆ ಅನ್ನೋದು ಗೊತ್ತಿದ್ದರೆ ಸಾಕು. ಇಲ್ಲದಿದ್ದರೆ ಅಭಿಮಾನಿ ಹೇಳೋದು ಯಾವ ಕಪಾಟಿನದ್ದು ಅಂತಲೇ ತಿಳಿಯೋದಿಲ್ಲ.

ಕುಮಾರರ ನಕ್ಷೆ ಸುಮಾರಾಗಿ ಹೀಗೆ.

ಹುಟ್ಟಿದ್ದು 1924ರ ಏಪ್ರಿಲ್ 8, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ದೊಡ್ಡ ದೊಡ್ಡ ಉಸ್ತಾದರ ಗ್ರಾಮಫೋನ್ ತಟ್ಟೆ ಕೇಳಿ ಹಾಗ್ಹಾಗೇ ಒಪ್ಪಿಸುತ್ತಿದ್ದ ಹುಡುಗ. ಮಠದ ಸ್ವಾಮಿಗಳೊಬ್ಬರು 'ಕುಮಾರ ಗಂಧರ್ವ' ಅಂತ ಕರೆದರು, ಅದೇ ನಿಂತಿತು. ಆಮೇಲೆ ಮುಂಬೈಯಲ್ಲಿ ಬಿ.ಆರ್. ದೇವಧರರ ಹತ್ತಿರ ಕಲಿಕೆ. ಆ ವಯಸ್ಸಿನಲ್ಲಿ ಅವರೇ ಹಾಡಿದ ತಟ್ಟೆಗಳು ಮೊದಲ ಕಪಾಟು. ಹೊಸಬರಿಗೆ ಇದು ಈಗ ಬೇಡ, ಆಮೇಲೆ ಕುತೂಹಲಕ್ಕೆ ಕೇಳಬಹುದು.

1947ರಲ್ಲಿ ಭಾನುಮತಿಯವರ ಜೊತೆ ಮದುವೆ. ಅದೇ ಹೊತ್ತಿಗೆ ಕ್ಷಯ. ಒಣ ಹವೆ ಬೇಕು ಅಂತ 1948ರಲ್ಲಿ ಮಧ್ಯಪ್ರದೇಶದ ದೇವಾಸಿಗೆ ಹೋದರು. ಹಾಡಬಾರದು ಅಂತ ಡಾಕ್ಟರ ಅಪ್ಪಣೆ. ಸುಮಾರು ಐದು ವರ್ಷ ಹಾಸಿಗೆ. ಸ್ಟ್ರೆಪ್ಟೊಮೈಸಿನ್ ಅನ್ನೋ ಔಷಧಿ ಸಿಕ್ಕ ಮೇಲೆ ಚೇತರಿಸಿಕೊಂಡರು. ಒಂದು ಶ್ವಾಸಕೋಶ ಮಾತ್ರ ಕೆಲಸಕ್ಕೆ ಬಾರದ ಹಾಗಾಗಿತ್ತು. 1953ರಲ್ಲಿ ಮತ್ತೆ ಕಛೇರಿಗೆ ಬಂದರು. ನಾವು ಇವತ್ತು ಕೇಳೋದೆಲ್ಲ ಹೆಚ್ಚುಕಡಿಮೆ ಈ ಎರಡನೇ ಹುಟ್ಟಿನದ್ದು.

ಮಲಗಿದ್ದ ಆ ವರ್ಷಗಳಲ್ಲಿ ಕಿವಿಗೆ ಬಿದ್ದದ್ದು ದೇವಾಸ್ ಇರುವ ಮಾಳವ ಸೀಮೆಯ ಹೆಂಗಸರ ಹಾಡು, ಹಾದಿಯಲ್ಲಿ ಹೋಗುವ ನಾಥಪಂಥದ ಜೋಗಿಗಳ ನಿರ್ಗುಣ ಭಜನೆ (ರೂಪವಿಲ್ಲದ ದೇವರನ್ನು ಕುರಿತದ್ದು). ಅಲ್ಲಿಂದ ಮೂರು ಕಪಾಟು ಹುಟ್ಟಿದವು. ಒಂದು, ಮಾಳವದ ಜನಪದ ಹಾಡುಗಳದ್ದೇ ಕಾರ್ಯಕ್ರಮ. ಎರಡು, ಆ ಧುನ್‌ಗಳಿಂದ (ಜನಪದ ಮಟ್ಟುಗಳಿಂದ) ತೆಗೆದ ಹೊಸ ರಾಗಗಳು: ಮಾಲವತಿ, ಲಗನ್ ಗಾಂಧಾರ್, ಸಂಜಾರಿ, ಅಹಿಮೋಹಿನಿ ಇತ್ಯಾದಿ. ಇವಕ್ಕೆ 'ಧುನ್ ಉಗಮ ರಾಗ' ಅಂತಾರೆ. ಮೂರು, ಕಬೀರರ ನಿರ್ಗುಣ ಭಜನೆ. ಎಲ್ಲರ ಮೊಬೈಲಿನಲ್ಲೂ ಇರೋದು ಈ ಮೂರನೆಯದು.

ಇನ್ನು ಹಳೆಯ ರಾಗಗಳ ಖ್ಯಾಲು: ಶ್ರೀ, ಭೀಮಪಲಾಸ, ಕೇದಾರ, ಗೌಡ ಮಲ್ಹಾರ್. ಅದೊಂದು ದೊಡ್ಡ ಕಪಾಟು. ಪಕ್ಕದಲ್ಲಿ ಮರಾಠಿಯದ್ದು: ಮರಾಠಿ ರಂಗಭೂಮಿಯ ನಟ, ಗಾಯಕ ಬಾಲಗಂಧರ್ವರ ರಂಗಗೀತೆಗಳನ್ನು ತಮ್ಮ ರೀತಿಯಲ್ಲಿ ಹಾಡಿದ 'ಮಲಾ ಉಮಜಲೇಲೆ ಬಾಲಗಂಧರ್ವ', ತುಕಾರಾಮರ ಅಭಂಗಗಳು, ವಾಣಿ ಜಯರಾಂ ಜೊತೆ ಹಾಡಿದ ನಾಟಕದ ಹಾಡು 'ಋಣಾನುಬಂಧಾಚ್ಯಾ'. ಕೊನೆಗೆ ಋತುವಿನ ಮೇಲೆ ಕಟ್ಟಿದ ಕಾರ್ಯಕ್ರಮಗಳು: ಗೀತ್ ವರ್ಷಾ, ಗೀತ್ ಹೇಮಂತ್, ಗೀತ್ ವಸಂತ್. ಇದು ನನಗೆ ತುಂಬಾ ಇಷ್ಟವಾದ ಕಪಾಟು. ಮಳೆಗಾಲದಲ್ಲಿ ಧಾರವಾಡದ ಹವೆಯಲ್ಲಿ ಗೀತ್ ವರ್ಷಾ ಕೇಳಿದರೆ ಚಹಾ ಆರಿಹೋಗಿದ್ದೂ ಗೊತ್ತಾಗೋದಿಲ್ಲ.

ಇಷ್ಟನ್ನು ಅರ್ಧ ಪುಟದಲ್ಲಿ ಬರೆದುಕೊಳ್ಳಿ. ಈಗ ಯಾರಾದರೂ "ಲಗನ್ ಗಾಂಧಾರ್ ಕೇಳಿ" ಅಂದರೆ, ಓ ಇವರು ಸ್ವಂತ ರಾಗದ ಕಪಾಟಿನಿಂದ ತೆಗೀತಿದ್ದಾರೆ ಅಂತ ಹೊಳೆಯುತ್ತೆ.

ಹೆಜ್ಜೆ 3: ಯಾರನ್ನು ಕೇಳಬೇಕು

ಅಭಿಮಾನಿ ಅಂದರೆ ಒಂದೇ ತರದವರಲ್ಲ. ನನಗೆ ಸಿಕ್ಕವರನ್ನು ನೋಡಿದರೆ ನಾಲ್ಕು ಬಗೆ.

ಭಜನೆಯಿಂದ ಬಂದವರು. ಇವರಲ್ಲಿ ಎಷ್ಟೋ ಮಂದಿ ಕಬೀರನ ಹಾದಿಯಲ್ಲಿ ಬಂದವರು. ಬೆಂಗಳೂರಿನಲ್ಲಿದ್ದು ಕಬೀರರ ಮೇಲೆ ಕೆಲಸ ಮಾಡಿದ ಶಬನಂ ವೀರಮಾನಿ 2008ರಲ್ಲಿ ಕುಮಾರ ಮತ್ತು ಕಬೀರರ ಬಗ್ಗೆ 'ಕೋಯಿ ಸುನತಾ ಹೈ' ಅನ್ನೋ ಸಾಕ್ಷ್ಯಚಿತ್ರ ಮಾಡಿದರು. ಅದನ್ನು ನೋಡಿ ಕುಮಾರರ ಕಡೆ ತಿರುಗಿದವರು ನಮ್ಮಲ್ಲೂ ಇದ್ದಾರೆ. ಇವರು ಸಾಹಿತ್ಯ ಬಿಡಿಸಿ ಹೇಳ್ತಾರೆ, ಹೊಸಬರ ಜೊತೆ ತಾಳ್ಮೆ ಜಾಸ್ತಿ. ಖ್ಯಾಲಿನ ಬಗ್ಗೆ ಮಾತ್ರ ಇವರನ್ನು ಕೇಳಬೇಡಿ.

ಖ್ಯಾಲಿನವರು. ಬೈಠಕ್ಕಿನಲ್ಲಿ (ಸಣ್ಣ ಕಛೇರಿಯಲ್ಲಿ) ಮುಂದೆ ಕೂತು ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ತಲೆ ಹಾಕಿ 'ವ್ಹಾ' ಅನ್ನೋರು. ಭಜನೆ ಅಂದರೆ ಸ್ವಲ್ಪ ಮೂಗು ಮುರೀತಾರೆ. ಆದರೆ ಒಂದು ರಾಗದ ಎರಡು ಧ್ವನಿಮುದ್ರಣದ ನಡುವಿನ ವ್ಯತ್ಯಾಸ ಹೇಳೋದು ಇವರ ಕೈಲಿ ಮಾತ್ರ ಆಗುತ್ತೆ.

ಸಂಗ್ರಹ ಮಾಡೋರು. ಕ್ಯಾಸೆಟ್ಟು, ತಟ್ಟೆ, ಹಾರ್ಡ್ ಡಿಸ್ಕು. ಯಾವ ಊರು, ಯಾವ ಇಸವಿ, ತಬಲಾ ಯಾರದ್ದು ಎಲ್ಲ ನಾಲಿಗೆ ತುದಿಯಲ್ಲಿ. ಇವರನ್ನು ಮೊದಲ ದಿನವೇ ಕೇಳಬೇಡಿ, ಮುಳುಗಿ ಹೋಗ್ತೀರಿ. ಮೂರನೇ ತಿಂಗಳಿಗೆ ಇವರೇ ದೇವರು.

ನಾಲ್ಕನೆಯವರು ಅಭಿಮಾನಿ ಅಂತ ತಮ್ಮನ್ನು ಕರೆದುಕೊಳ್ಳದವರು. ನನ್ನ ಮನೆ ಮಾಲೀಕರ ತಮ್ಮ, ಊರವರೆಲ್ಲ 'ಕಾಕಾ' ಅಂತಾರೆ, ಸಂಗ್ರಹದ ಜಾತಿಯವರು. ಅವರ ಹೆಂಡತಿ, ನಾವೆಲ್ಲ ಕಾಕು ಅಂತೀವಿ, ಬೆಳಗಾವಿಯವರು. ಕಾಕಾ ನನಗೆ ಶ್ರೀ ರಾಗದ ಮಹಿಮೆ ಹೇಳ್ತಾ ಇರುವಾಗ ಅಡಿಗೆಮನೆಯಿಂದ ದನಿ ಬಂತು: "ಅವರದೇನ ಕೇಳ್ತಿ? ಆ ಮರಾಠಿ ಹಾಡು ಹಚ್ಚಿ ಕೇಳು. ಅದು ಹಿಡಿಸಿದ್ರ ಮುಂದಿಂದು ತಾನ ಬರ್ತದ." 'ಋಣಾನುಬಂಧಾಚ್ಯಾ' ನನ್ನ ತಲೆಗೆ ಹತ್ತಿದ್ದು ಹೀಗೆ. ವರ್ಷದಲ್ಲಿ ನೂರು ಸಲ ಕೇಳಿದ ಹಾಡು ಯಾವುದು ಅಂತ ಇಂಥವರನ್ನು ಕೇಳಬೇಕು. ಇವರಿಗೆ ಪಾಂಡಿತ್ಯ ತೋರಿಸುವ ಹಂಗಿಲ್ಲ.

ಹಾಡುವವರನ್ನು, ಅಂದರೆ ಸಂಗೀತ ಕಲೀತಿರೋರನ್ನು ಕೇಳಬಹುದಾ? ಕೇಳಬಹುದು. ಆದರೆ ಅವರು ತಮಗೆ ಕಲಿಯೋಕೆ ಸಿಗೋದನ್ನು ಹೇಳ್ತಾರೆ, ನಿಮಗೆ ಹಿಡಿಸೋದನ್ನಲ್ಲ. ಅದನ್ನು ನೆನಪಲ್ಲಿ ಇಟ್ಟುಕೊಂಡು ಕೇಳಿ.

ಕನಿಷ್ಠ ಎರಡು ಬಗೆಯ ಇಬ್ಬರನ್ನು ಕೇಳಿ. ಒಟ್ಟಿಗೆ ಕೂರಿಸಿ ಕೇಳಬೇಡಿ. ಮದುವೆ ಪಂಕ್ತಿಯಲ್ಲಿ ನಾನು ಮಾಡಿದ ಎರಡನೇ ತಪ್ಪು ಅದು. ನಾಲ್ಕು ಜನ ಅಭಿಮಾನಿಗಳು ಸೇರಿದರೆ ಉತ್ತರ ನಿಮಗಲ್ಲ, ಒಬ್ಬರು ಇನ್ನೊಬ್ಬರಿಗೆ ಹೇಳ್ತಾರೆ.

ಹೆಜ್ಜೆ 4: ಪ್ರಶ್ನೆ ಕಟ್ಟೋದು

ಕೆಲಸ ಆಗೋದು ಇಲ್ಲೇ. ಒಳ್ಳೆಯ ಪ್ರಶ್ನೆಯಲ್ಲಿ ಏನೇನು ಇರುತ್ತೆ ಅಂತ ಸುತ್ತಿ ಹೇಳೋದಕ್ಕಿಂತ ಎರಡು ಮೆಸೇಜು ಪಕ್ಕಪಕ್ಕ ಇಡ್ತೀನಿ.

ಮೊದಲನೆಯದು: "ಸರ್, ಕುಮಾರ ಗಂಧರ್ವರನ್ನು ಕೇಳೋಣ ಅಂತಿದ್ದೀನಿ. ಯಾವುದರಿಂದ ಶುರು ಮಾಡಲಿ?"

ಎರಡನೆಯದು: "ಕಾಕಾ, ಕುಮಾರರದ್ದು ಮೂರು ಕೇಳಿದೆ. ಹಂಸ ಅಕೇಲಾ ಭಜನೆ ಹಿಡಿಸ್ತು, ಅದರಲ್ಲೂ ದನಿ ನಿಂತಾಗಿನ ಮೌನ. ನಂದ್ ರಾಗದ ಬಂದಿಶ್ ಕೂಡ. ದೊಡ್ಡ ಖ್ಯಾಲು ಹತ್ತು ನಿಮಿಷಕ್ಕೆ ಬಿಟ್ಟೆ, ದಿಕ್ಕು ತಿಳೀಲಿಲ್ಲ. ನಾನು ಕೇಳೋದು ರಾತ್ರಿ ಊಟ ಆದ ಮೇಲೆ, ಅರ್ಧ ಗಂಟೆ. ಮೊದಲು ಕೇಳ್ತಿದ್ದದ್ದು ಕರ್ನಾಟಕ ಸಂಗೀತ. ಖ್ಯಾಲಿನ ಒಳಗೆ ಕಾಲಿಡೋಕೆ ಒಂದೇ ಒಂದು ಹೇಳ್ತೀರಾ? ಒಂದೇ."

ಮೊದಲನೆಯದಕ್ಕೆ ಒಂದು ಪಟ್ಟಿ ಬರುತ್ತೆ, ಇಲ್ಲವೇ ಒಂದು ನಮಸ್ಕಾರದ ಚಿತ್ರ. ಎರಡನೆಯದಕ್ಕೆ ಕಾಕಾ ಫೋನೇ ಮಾಡಿದರು.

ಎರಡನೆಯದರಲ್ಲಿ ನಾಲ್ಕು ಸಂಗತಿ ಕೆಲಸ ಮಾಡ್ತಿವೆ. ಏನು ಹಿಡಿಸ್ತು ಅನ್ನೋದು ಸುಮ್ನೆ 'ಚೆನ್ನಾಗಿತ್ತು' ಅಂತಲ್ಲ, ಬೆರಳಿಟ್ಟು ಹೇಳಿದ ಹಾಗಿದೆ. ಏನು ಹಿಡಿಸಲಿಲ್ಲ ಅನ್ನೋದೂ ಇದೆ. ಇದನ್ನು ಹೇಳೋಕೆ ನಾಚಿಕೆ ಬೇಡ, ನಿಜವಾದ ಅಭಿಮಾನಿಗೆ ಇದೇ ಚಾಲೆಂಜು. ಕೇಳುವ ಹೊತ್ತು ಇದೆ. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತು ಇರೋದರಿಂದ ಅದೊಂದೇ ಅರ್ಧ ಪಟ್ಟಿಯನ್ನು ಕತ್ತರಿಸುತ್ತೆ: ಭೀಮಪಲಾಸ ಮಧ್ಯಾಹ್ನದ್ದು, ಶ್ರೀ ಸೂರ್ಯ ಮುಳುಗುವ ಹೊತ್ತಿನದು, ಬಾಗೇಶ್ರೀ ರಾತ್ರಿಯದು. ನೀವು ರಾತ್ರಿ ಅಂದರೆ ಅವರು ರಾತ್ರಿಯ ಕಪಾಟು ತೆಗೀತಾರೆ. ಕೊನೆಯದು 'ಒಂದೇ' ಅನ್ನೋ ಮಾತು. ಒಂದೇ ಹೇಳಬೇಕು ಅಂದಾಗ ಮನುಷ್ಯ ಯೋಚನೆ ಮಾಡ್ತಾನೆ.

ಇನ್ನೂ ಕೆಲವು ಪ್ರಶ್ನೆಗಳು ನನಗೆ ಚೆನ್ನಾಗಿ ಫಲ ಕೊಟ್ಟಿವೆ:

"ನೀವು ಮೊದಲು ಕೇಳಿದ್ದು ಯಾವುದು? ಎಲ್ಲಿ?" ಇದಕ್ಕೆ ಕಥೆ ಬರುತ್ತೆ, ಕಥೆ ಜೊತೆ ಹಾಡು ನೆನಪಲ್ಲಿ ಉಳಿಯುತ್ತೆ. "ಈಗ ಇಷ್ಟವಾಗೋದು ಯಾವುದು?" ಅನ್ನೋದು ಬೇರೆ ಪ್ರಶ್ನೆ, ಅದನ್ನು ಇನ್ನೊಂದು ದಿನ ಕೇಳಿ. ಮೂವತ್ತು ವರ್ಷ ಕೇಳಿದವರಿಗೆ ಈಗ ಇಷ್ಟವಾಗೋದು ನಿಮಗೆ ಮೂರನೇ ವಾರಕ್ಕೆ ಅಜೀರ್ಣ.

"ಸದ್ಯಕ್ಕೆ ನಾನು ಯಾವುದು ಕೇಳಬಾರದು?" ಇದನ್ನು ಯಾರೂ ಕೇಳೋದಿಲ್ಲ. ಕಾಕಾ ತಕ್ಷಣ ಹೇಳಿದ್ದು: "ಅವರ ಸ್ವಂತ ರಾಗ ಆರು ತಿಂಗಳ ಮುಟ್ಟಬ್ಯಾಡ. ಹಳೇ ರಾಗ ಕಿವ್ಯಾಗ ಕೂತ ಮ್ಯಾಲ ಹೊಸಾದು ಯಾಕ ಹೊಸಾದು ಅಂತ ತಿಳೀತದ." ಇದಕ್ಕಿಂತ ಬೆಲೆಬಾಳುವ ಸಲಹೆ ನನಗೆ ಯಾರೂ ಕೊಟ್ಟಿಲ್ಲ.

ಹೆಜ್ಜೆ 5: ಹೆಸರು ಸಿಕ್ಕ ಮೇಲೆ ಇನ್ನೆರಡು ಮಾತು ಕೇಳಿ

"ಬಾಗೇಶ್ರೀ ಕೇಳು" ಅಂದರೆ ಉತ್ತರ ಇನ್ನೂ ಪೂರ್ತಿ ಆಗಿಲ್ಲ. ಕುಮಾರರು ಒಂದೇ ರಾಗವನ್ನು ಎಷ್ಟೋ ಸಲ ಹಾಡಿದ್ದಾರೆ, ಒಂದರ ಹಾಗೆ ಇನ್ನೊಂದಿಲ್ಲ. ಆದ್ದರಿಂದ ಕೇಳಿ: ಸ್ಟುಡಿಯೋದಲ್ಲಿ ಮುದ್ರಿಸಿದ್ದಾ, ಕಛೇರಿಯದ್ದಾ? ಎಷ್ಟು ನಿಮಿಷದ್ದು? ವಿಲಂಬಿತದಿಂದ (ನಿಧಾನ ಲಯ) ಶುರುವಾಗುತ್ತಾ, ಬರೀ ದ್ರುತವಾ (ವೇಗದ ಲಯ)? ಬಂದಿಶಿನ ಮೊದಲ ಸಾಲು ಏನು?

ಮೊದಲ ಸಾಲು ಬಹಳ ಮುಖ್ಯ. ಇಂಟರ್‌ನೆಟ್ಟಿನಲ್ಲಿ ಹಾಕಿರೋ ಹಳೆಯ ಧ್ವನಿಮುದ್ರಣಗಳಲ್ಲಿ ರಾಗದ ಹೆಸರು ತಪ್ಪಿರೋದು ಸಾಮಾನ್ಯ. 'ಕರನ್ ದೇ ರೇ' ಅಂತ ಕೇಳಿಸಿದರೆ ಅದು ಶ್ರೀ, ಮೇಲೆ ಏನೇ ಬರೆದಿರಲಿ. ಮೊದಲ ಸಾಲನ್ನು ಅಭಿಮಾನಿಯ ಬಾಯಿಂದಲೇ ಗುನುಗಿಸಿಕೊಳ್ಳಿ, ಆಗದಿದ್ದರೆ ವಾಯ್ಸ್ ಮೆಸೇಜು ಕೇಳಿ. ಅರವತ್ತು ದಾಟಿದವರು ನಾಚಿಕೊಂಡು ಹಾಡಿದ ಆ ಹತ್ತು ಸೆಕೆಂಡು ನನ್ನ ಫೋನಿನಲ್ಲಿ ಇನ್ನೂ ಇವೆ.

ತಬಲಾ ಯಾರು ಅಂತಲೂ ಒಮ್ಮೆ ಕೇಳಿ ನೋಡಿ. ವಸಂತ ಆಚರೇಕರ್ ಬಹಳ ವರ್ಷ ಕುಮಾರರ ಜೊತೆ ನುಡಿಸಿದವರು. ಆ ಹೆಸರು ಹೇಳುವಾಗ ಖ್ಯಾಲಿನವರ ಮುಖ ನೋಡಬೇಕು.

ಒಂದು ಎಚ್ಚರ. ಸಂಗ್ರಹ ಮಾಡೋರ ಹತ್ತಿರ ಮನೆ ಬೈಠಕ್ಕುಗಳ ಖಾಸಗಿ ಮುದ್ರಣ ಇರುತ್ತೆ. "ಕಾಪಿ ಕೊಡಿ" ಅಂತ ನೀವಾಗಿ ಕೇಳಬೇಡಿ. ಅವರ ಮನೆಯಲ್ಲಿ ಕೂತು ಕೇಳೋಕೆ ಅವಕಾಶ ಸಿಕ್ಕರೆ ಅದೇ ದೊಡ್ಡದು. ಅವರಾಗಿಯೇ ಕೊಟ್ಟರೆ ಎಲ್ಲೂ ಹಾಕಬೇಡಿ.

ಹೆಜ್ಜೆ 6: ಉತ್ತರ ಓದೋದು, ಜಗಳದಿಂದ ಲಾಭ ಪಡೆಯೋದು

ಇಬ್ಬರ ಉತ್ತರದಲ್ಲಿ ಒಂದೇ ಹೆಸರು ಬಂದರೆ ಅದನ್ನು ಮೊದಲು ಕೇಳಿ, ಯೋಚನೆ ಬೇಡ. ಬರದಿದ್ದರೆ, ಯಾರ ಕಿವಿ ನಿಮ್ಮ ಕಿವಿಗೆ ಹತ್ತಿರ ಅಂತ ನೋಡಿ. ನಿಮಗೆ ಹಿಡಿಸಿದ ಭಜನೆ ಅವರಿಗೂ ಹಿಡಿಸಿತ್ತಾ?

"ಇದನ್ನ ಕೇಳೋಕೆ ಮೊದಲು ಹತ್ತು ವರ್ಷ ಬೇರೆಯವರನ್ನ ಕೇಳಬೇಕು" ಅನ್ನೋರು ಸಿಗ್ತಾರೆ. ನಕ್ಕು ಬಿಟ್ಟುಬಿಡಿ. "ಭೀಮಸೇನ ಜೋಶಿಯವರಷ್ಟು ದಮ್ ಇಲ್ಲ" ಅನ್ನೋರೂ ಸಿಗ್ತಾರೆ. ಇದನ್ನು ಬಿಡಬೇಡಿ, ಇದರಲ್ಲಿ ಮಾಹಿತಿ ಇದೆ. ಜೋಶಿಯವರ ಉದ್ದ ಉಸಿರಿನ ತಾನ್ (ಸ್ವರಗಳ ವೇಗದ ಓಟ) ನಿಮಗೆ ಪ್ರಾಣ ಅಂದರೆ ಕುಮಾರರ ತುಂಡು ತುಂಡು ಹಾಡಿಕೆ ಮೊದಲಿಗೆ ಹಿಡಿಸದೇ ಇರಬಹುದು.

ಈ ತುಂಡು ಹಾಡಿಕೆ ವಿಷಯಕ್ಕೇ ದೊಡ್ಡ ಜಗಳ ಇದೆ. ಒಂದು ಪಕ್ಷ ಹೇಳುತ್ತೆ, ಶ್ವಾಸಕೋಶ ಹೋದದ್ದರಿಂದ ಉದ್ದಕ್ಕೆ ಎಳೆಯೋಕೆ ಆಗದೆ ಹೀಗೆ ಹಾಡಿದರು. ಇನ್ನೊಂದು ಪಕ್ಷ ಸಿಟ್ಟಾಗುತ್ತೆ: ಅದು ಕಾಯಿಲೆಯಲ್ಲ, ಅವರ ಯೋಚನೆಯೇ ಹಾಗೆ, ರಾಗವನ್ನು ಅವರು ನೋಡಿದ್ದೇ ಹಾಗೆ. ನಾನು ಎರಡನೇ ಪಕ್ಷದ ಕಡೆ ಸ್ವಲ್ಪ ವಾಲ್ತೀನಿ, ಇರಲಿ. ಹೊಸಬರು ಇಲ್ಲಿ ಮಾಡಬೇಕಾದ್ದು ತೀರ್ಪು ಕೊಡೋದಲ್ಲ. "ನಿಮ್ಮ ಮಾತಿಗೆ ಒಂದು ಹಾಡು ತೋರಿಸಿ" ಅನ್ನಿ. ಇಬ್ಬರಿಗೂ ಅನ್ನಿ. ಒಬ್ಬರು ಕಾಯಿಲೆಗೆ ಮುಂಚಿನ ಹಳೆಯ ತಟ್ಟೆ ತೆಗೀತಾರೆ, ಇನ್ನೊಬ್ಬರು ಎಪ್ಪತ್ತರ ದಶಕದ ಕಛೇರಿ ತೆಗೀತಾರೆ. ಪಕ್ಕಪಕ್ಕ ಕೇಳಿದರೆ ಒಂದು ಸಂಜೆಯಲ್ಲಿ ಆಗುವ ಕಲಿಕೆ ಪುಸ್ತಕದಿಂದ ಆಗೋದಿಲ್ಲ. ಜಗಳ ಆಡೋರ ಹತ್ತಿರ ಒಳ್ಳೆಯ ಹಾಡು ಇರುತ್ತೆ, ಅದನ್ನ ಹೊರಗೆ ತೆಗೆಸೋದು ನಮ್ಮ ಜಾಣತನ.

ಹೆಜ್ಜೆ 7: ಸಿಕ್ಕಿದ್ದನ್ನು ಕೇಳೋದು

ಒಂದು ಸಲಹೆಗೆ ಒಂದು ವಾರ ಕೊಡಿ. ಆ ವಾರ ಬೇರೆ ಯಾರನ್ನೂ ಕೇಳಬೇಡಿ.

ಮೊದಲ ಸಲ ಪೂರ್ತಿ, ಫೋನು ಬೋರಲು ಹಾಕಿ. ಎರಡನೇ ಸಲ ಪಾತ್ರೆ ತೊಳೀತಾ, ಬಟ್ಟೆ ಮಡಚ್ತಾ ಕೇಳಿದರೂ ಸರಿ. ಮೂರನೇ ಸಲ ಮತ್ತೆ ಕೂತು. ಮೂರನೇ ಸಲಕ್ಕೆ ಬಂದಿಶಿನ ಮುಖಡಾ (ಮತ್ತೆ ಮತ್ತೆ ಬರುವ ಶುರುವಿನ ತುಣುಕು) ಯಾವಾಗ ವಾಪಸ್ ಬರುತ್ತೆ ಅಂತ ಕಿವಿಗೆ ಮೊದಲೇ ಗೊತ್ತಾಗಿರುತ್ತೆ. ಖ್ಯಾಲಿನಲ್ಲಿ 'ಎಲ್ಲಿಗೆ ಹೋಗ್ತಿದ್ದಾರೆ' ಅನ್ನೋ ನನ್ನ ತೊಂದರೆ ಕಳೆದದ್ದು ಇಷ್ಟರಿಂದಲೇ. ಎಲ್ಲಿಗೆ ಹೋದರೂ ಆ ಮುಖಡಾ ಹಿಡಿದು ಸಮ್ಮಿಗೆ ಬಂದು ಇಳೀತಾರೆ. ಕರ್ನಾಟಕ ಸಂಗೀತದಲ್ಲಿ ನೆರವಲು (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡೋದು) ಕೇಳಿದವರಿಗೆ ಇದು ದೂರದ ನೆಂಟ.

ಕಾಕಾ ಹೇಳಿದ ಬಾಗೇಶ್ರೀಯನ್ನು ನಾನು ಕೇಳಿದ್ದು ಹೀಗೆ. ಮೊದಲ ದಿನ ನಿದ್ದೆ ಬಂತು. ಮೂರನೇ ದಿನ ಕರೆಂಟ್ ಹೋಯ್ತು, ಕತ್ತಲಲ್ಲಿ ಫೋನಿನ ಸಣ್ಣ ಸ್ಪೀಕರಿನಲ್ಲೇ ಕೇಳಿದೆ. ಒಂದು ಕಡೆ ಅವರು ಸ್ವರ ಹಚ್ಚಿ ಅರ್ಧಕ್ಕೇ ಬಿಟ್ಟರು. ಉಳಿದರ್ಧವನ್ನು ನನ್ನ ತಲೆ ಹಾಡ್ತಾ ಇತ್ತು. ಎದ್ದು ಕೂತೆ.

ಹೆಜ್ಜೆ 8: ವಾಪಸ್ ಹೋಗಿ ಹೇಳಿ

ಹೆಚ್ಚಿನವರು ಇದನ್ನು ಮಾಡೋದೇ ಇಲ್ಲ. ಸಲಹೆ ತಗೊಂಡು, ಒಂದು ಥ್ಯಾಂಕ್ಸ್ ಹಾಕಿ ಮಾಯ. ಅಭಿಮಾನಿಗೆ ಬೇಕಾದ್ದು ಥ್ಯಾಂಕ್ಸ್ ಅಲ್ಲ, ಏನಾಯ್ತು ಅನ್ನೋ ಸುದ್ದಿ.

ಆ ಅರ್ಧಕ್ಕೆ ಬಿಟ್ಟ ಸ್ವರದ ಕಥೆ ಹೇಳಿದಾಗ ಕಾಕಾ ಸುಮ್ಮನೆ ಕೂತರು. ಆಮೇಲೆ ಎದ್ದು ಹೋಗಿ ಒಂದು ಕ್ಯಾಸೆಟ್ಟು ತಂದರು. ಡಬ್ಬಿಯ ಮೇಲೆ ನೀಲಿ ಪೆನ್ನಿನಲ್ಲಿ ತಾರೀಖು. ಪೆನ್ಸಿಲು ಹಾಕಿ ರೀಲು ಸುತ್ತಿ ಸರಿಮಾಡಿದರು. "ಇದು ನಿನಗ ಮೊದಲ ಯಾಕ ಹೇಳಲಿಲ್ಲ ಗೊತ್ತೇನು?" ಅಂದರು. "ಮೊದಲ ಹೇಳಿದ್ರ ನೀ ಮಲಗತಿದ್ದಿ." ಅವತ್ತು ಕೇಳಿದ್ದು ಶ್ರೀ. ಮುಗಿಯುವಷ್ಟರಲ್ಲಿ ಕಾಕು ದೀಪ ಹಚ್ಚಿದ್ದರು.

ಹಿಡಿಸದಿದ್ದರೂ ಹೋಗಿ ಹೇಳಿ. ಆದರೆ "ಚೆನ್ನಾಗಿರಲಿಲ್ಲ" ಅನ್ನಬೇಡಿ. ಎಷ್ಟನೇ ನಿಮಿಷಕ್ಕೆ ಬೇಜಾರಾಯ್ತು, ಆಗ ಏನು ನಡೀತಿತ್ತು ಅಂತ ಹೇಳಿ. "ವಿಲಂಬಿತ ತಡೀಲಿಲ್ಲ, ದ್ರುತ ಬಂದ ಮೇಲೆ ಸರಿಹೋಯ್ತು" ಅಂದರೆ ಮುಂದಿನ ಸಲ ಅವರು ಬರೀ ಛೋಟಾ (ಚಿಕ್ಕ, ವೇಗದ) ಖ್ಯಾಲುಗಳನ್ನೇ ಕೊಡ್ತಾರೆ. ಎರಡನೇ ಸಲಹೆ ಯಾವಾಗಲೂ ಮೊದಲನೆಯದಕ್ಕಿಂತ ಚೆನ್ನಾಗಿರುತ್ತೆ, ಯಾಕೆಂದರೆ ಅದು ನಿಮ್ಮನ್ನು ನೋಡಿ ಕೊಟ್ಟದ್ದು.

ಮೂರು ನಾಲ್ಕು ಸುತ್ತು ಆದರೂ ಏನೂ ಅನ್ನಿಸದಿದ್ದರೆ? ಬಿಟ್ಟುಬಿಡಿ. ಕುಮಾರರು ಎಲ್ಲರಿಗೂ ಹಿಡಿಸಲೇಬೇಕು ಅಂತೇನಿಲ್ಲ. ಅದೇ ಅಭಿಮಾನಿಗೆ "ಇವರು ನನಗೆ ಹತ್ತಲಿಲ್ಲ, ಇಷ್ಟೆಲ್ಲ ಕೇಳಿದ ಮೇಲೆ ನನಗೆ ಯಾರು ಹತ್ತಬಹುದು?" ಅಂತ ಕೇಳಿ. ನನ್ನ ಸಹೋದ್ಯೋಗಿಯೊಬ್ಬಳು ಹೀಗೇ ಕೇಳಿ ಗಂಗೂಬಾಯಿ ಹಾನಗಲ್ಲರ ಕಡೆ ಹೋದಳು. ಈಗ ಅವಳ ಮುಂದೆ ಕುಮಾರರ ಹೆಸರು ಎತ್ತಿದರೆ ಆಕಳಿಸ್ತಾಳೆ.

ಬೇರೆ ಗಾಯಕರಿಗೆ ಇದೇ ದಾರಿ ನಡೆಯುತ್ತಾ?

ನಡೆಯುತ್ತೆ, ಆದರೆ ಕಪಾಟು ಬದಲಾಗುತ್ತೆ. ಪ್ರಶ್ನೆಯೂ ಅದರ ಜೊತೆ ಬದಲಾಗಬೇಕು.

ಮಲ್ಲಿಕಾರ್ಜುನ ಮನ್ಸೂರರನ್ನು ತಗೊಳ್ಳಿ. ಜೈಪುರ ಅತ್ರೌಲಿ ಘರಾನೆ (ಗಾಯನ ಪರಂಪರೆ). ಅಪರೂಪದ ರಾಗ, ಜೋಡು ರಾಗಗಳಿಗೆ ಹೆಸರಾದವರು. ಇಲ್ಲಿ ಅಭಿಮಾನಿಗಳು ಅಪರೂಪದ್ದನ್ನೇ ಮೊದಲು ಹೇಳುವ ಅಪಾಯ ಜಾಸ್ತಿ, ಅದು ಅವರ ಹೆಮ್ಮೆ. ಆದ್ದರಿಂದ "ನನಗೆ ಗೊತ್ತಿರೋ ರಾಗದಲ್ಲಿ ಒಂದು ಹೇಳಿ" ಅಂತ ಮೊದಲೇ ಬೇಲಿ ಹಾಕಿ. ಕನ್ನಡಿಗರಿಗೆ ಇನ್ನೊಂದು ಬಾಗಿಲೂ ಇದೆ, ಅವರು ಹಾಡಿದ ವಚನಗಳು. 'ಅಕ್ಕ ಕೇಳವ್ವ' ಹಾಡಿದ ದನಿಯೇ ಖ್ಯಾಲನ್ನೂ ಹಾಡ್ತಿದೆ ಅಂತ ಗೊತ್ತಾದರೆ ಹೆದರಿಕೆ ಅರ್ಧ ಇಳಿಯುತ್ತೆ.

ಕರ್ನಾಟಕ ಸಂಗೀತದ ಎಂ.ಡಿ. ರಾಮನಾಥನ್ ಅವರದ್ದು ತೀರಾ ನಿಧಾನ, ತೀರಾ ಕೆಳಗಿನ ದನಿ. ಅಲ್ಲಿ ಯಾವ ಹಾಡು ಅನ್ನೋದಕ್ಕಿಂತ ಎಂಥ ಹೊತ್ತಿನಲ್ಲಿ ಕೇಳಬೇಕು ಅಂತ ಕೇಳಿ. ಆಫೀಸಿಗೆ ಓಡುವ ಬೆಳಿಗ್ಗೆ ಹಾಕಿದರೆ ಅವರಿಗೂ ಮೋಸ, ನಿಮಗೂ ಮೋಸ.

ಸಿನಿಮಾ ಸಂಗೀತದಲ್ಲಿ ಇನ್ನೊಂದು ತೊಡಕು. ರಾಜನ್ ನಾಗೇಂದ್ರರ ಹಾಡು ಹೇಳಿ ಅಂದರೆ ಜನ ತಮ್ಮ ಹದಿನೆಂಟನೇ ವಯಸ್ಸಿನ ಹಾಡು ಹೇಳ್ತಾರೆ. ಹಾಡಿನ ಜೊತೆ ಟೆಂಟು, ಸೈಕಲ್ಲು, ಹಳೇ ಪ್ರೇಮ ಎಲ್ಲ ಬರುತ್ತೆ. ಕೇಳೋಕೆ ಮಜಾ ಇರುತ್ತೆ, ಕೇಳಿಸಿಕೊಳ್ಳಿ. ಆಮೇಲೆ ಮೆಲ್ಲಗೆ "ಸಿನಿಮಾ ನೋಡದೆ, ಬರೀ ಹಾಡಾಗಿ ಹಿಡಿಸಿದ್ದು ಯಾವುದು?" ಅಂತ ಕೇಳಿ. ಆಗ ಬರುವ ಹೆಸರನ್ನು ಬರೆದುಕೊಳ್ಳಿ.